ಪದವಿ ಮುಗಿಸಿ ಬೇರೆ ಯೂನಿವರ್ಸಿಟಿಗೆ ಹೋದ್ರೆ ಒಂದು ವರ್ಷ ಕೂರಬೇಕಾ?

ಅಮೆರಿಕದ ಕಾಲೇಜಲ್ಲಿ ಅಮೆರಿಕನ್ ಫುಟ್‌ಬಾಲ್ ಆಡೋ ನಿಮ್ಮ ಅಕ್ಕನ ಮಗ ಹೀಗೆ ಬೇರೆ ಯೂನಿವರ್ಸಿಟಿಗೆ ಹೋದ್ರೆ ಒಂದು ವರ್ಷ ಆಡದೆ ಕೂರಬೇಕಾ ಅಂತ ಕೇಳಿದ್ದೀರಿ. ಕೂರಬೇಕಾಗಿಲ್ಲ. ಪದವಿ ಕೈಗೆ ಬಂದಮೇಲೆ ಬೇರೆ ಯೂನಿವರ್ಸಿಟಿಯಲ್ಲಿ ಮಾಸ್ಟರ್ಸ್‌ಗೆ ಸೇರಿದರೆ ಅದೇ ಸೀಸನ್‌ನಲ್ಲಿ ಫುಟ್‌ಬಾಲ್ ಆಡಬಹುದು. ಒಂದು ವರ್ಷ ಬೆಂಚ್ ಕಾಯುವ ಹಳೇ ನಿಯಮ ಪದವಿ ಮುಗಿಸದವರಿಗಿತ್ತು, ಅದನ್ನೂ 2021ರಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ಮೊದಲ ಸಲ ಕಾಲೇಜು ಬದಲಿಸುವವರಿಗೆ ಸಡಿಲಿಸಿತು, 2024ರಲ್ಲಿ ಓದು ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ಬದಲಿಸಬಹುದು ಅಂತ ಮಾಡಿತು.

ನೀವು ನಿಜವಾಗಿ ನೋಡಬೇಕಾದ್ದು ಅವನಿಗೆ ಆಡೋಕೆ ವರ್ಷ ಉಳಿದಿದೆಯಾ ಅಂತ. ಇದುವರೆಗಿನ ಲೆಕ್ಕ 5 ವರ್ಷದೊಳಗೆ 4 ಸೀಸನ್, ಕಾಲೇಜಿಗೆ ಫುಲ್ ಟೈಮ್ ಸೇರಿದಾಗಿನಿಂದಲೇ ಅದು ಶುರು. ಮೊದಲ ವರ್ಷ ರೆಡ್‌ಶರ್ಟ್ ಆಗಿದ್ದ (ಅಂದರೆ ಸೀಸನ್ ಉಳಿಸಿಕೊಳ್ಳೋಕೆ ತಂಡದಲ್ಲಿದ್ದೂ ಹೆಚ್ಚಾಗಿ ಆಡದೆ ಇದ್ದ) ಅಂದಿರಲ್ಲ, 4 ಪಂದ್ಯಕ್ಕಿಂತ ಜಾಸ್ತಿ ಆಡಿಲ್ಲದಿದ್ದರೆ ಆ ಸೀಸನ್ ಉಳಿದಿರುತ್ತದೆ.

ಉದಾಹರಣೆಗೆ ಫುಟ್‌ಬಾಲ್ ಆಟಗಾರ ಜೋ ಬರೋ 2018ರಲ್ಲಿ ಒಹಾಯೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೂರೇ ವರ್ಷಕ್ಕೆ ಪದವಿ ಮುಗಿಸಿ ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಹೋದ. ಕೈಯಲ್ಲಿ 2 ಸೀಸನ್ ಇತ್ತು, ಎರಡನೇದರಲ್ಲಿ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯೂ ಬಂತು, ರಾಷ್ಟ್ರೀಯ ಚಾಂಪಿಯನ್‌ಶಿಪ್ಪೂ ಬಂತು. ಅದಕ್ಕೇ ಹೇಳೋದು, ಬೇಗ ಪದವಿ ಮುಗಿಸೋದು ಆಟಕ್ಕೂ ಒಳ್ಳೇದು ಅಲ್ವಾ?

ಟ್ರಾನ್ಸ್‌ಫರ್ ಪೋರ್ಟಲ್‌ಗೆ (ಕಾಲೇಜು ಬದಲಿಸೋ ಆಟಗಾರರು ಹೆಸರು ಕೊಡುವ ಆನ್‌ಲೈನ್ ಪಟ್ಟಿ) ಹೆಸರು ಕೊಡುವ ಮೊದಲು ಅವನು ಈಗಿನ ಕಾಲೇಜಿನ ಕಂಪ್ಲಯನ್ಸ್ ಆಫೀಸ್‌ನಲ್ಲಿ (ಕ್ರೀಡಾ ನಿಯಮಗಳನ್ನು ನೋಡಿಕೊಳ್ಳುವ ಕಚೇರಿ) ಕೂತು ಮಾತಾಡಲಿ. ಹೆಸರು ಕೊಟ್ಟಮೇಲೆ ಈಗಿನ ಸ್ಕಾಲರ್‌ಶಿಪ್ ನಿಲ್ಲಬಹುದು.