ಕೈ ಕುಲುಕಿಸುವ ಮೊದಲು ಊಟದ ಸಾಲು ನೋಡಿ

ನಾಲ್ಕನೇ ತರಗತಿಯ ಒಬ್ಬ ಹುಡುಗನನ್ನು ಇಬ್ಬರು ದಿನಾ ಕಾಡಿಸುತ್ತಾರೆ, ಮೂವರನ್ನೂ ಎದುರುಬದುರು ಕೂಡಿಸಿ ರಾಜಿ ಮಾಡಿಸಲು ಒಳ್ಳೆಯ ಚಟುವಟಿಕೆ ಹೇಳಿ ಎಂದು ಕೇಳಿದ್ದೀರಿ. ದಯವಿಟ್ಟು ಕೂಡಿಸಬೇಡಿ. ನಾನು ಕೂಡಿಸಿದ್ದೆ.

2023, ರೋಣ ತಾಲ್ಲೂಕಿನ ಒಂದು ಸರ್ಕಾರಿ ಶಾಲೆ. ಒಬ್ಬ ಹುಡುಗನ ಅಪ್ಪ-ಅವ್ವ ಗೋವಾದಲ್ಲಿ ದುಡಿಯುತ್ತಿದ್ದರು. ಅಲ್ಲೇ ಬೆಳೆದ ಅವನು ಅಜ್ಜಿಯ ಮನೆಗೆ ಬಂದು ನನ್ನ ತರಗತಿಗೆ ಸೇರಿದ. ಅವನ ಮಾತಿನ ನಡುವೆ ಕೊಂಕಣಿ, ಹಿಂದಿ ನುಸುಳುತ್ತಿತ್ತು. ಅದನ್ನೇ ಹಿಡಿದು ಇಬ್ಬರು ಅಣಕಿಸುತ್ತಿದ್ದರು, ಚೀಲ ಬಚ್ಚಿಡುತ್ತಿದ್ದರು, ಬಿಸಿಯೂಟದಲ್ಲಿ ಅವನ ತಟ್ಟೆಯ ತತ್ತಿ ಎತ್ತಿಕೊಳ್ಳುತ್ತಿದ್ದರು. ಗೊತ್ತಾದ ದಿನವೇ ಮೂವರನ್ನೂ ಕರಿಹಲಗೆಯ ಮುಂದೆ ನಿಲ್ಲಿಸಿ, ತಪ್ಪಾಯ್ತು ಅನ್ನಿಸಿ, ಕೈ ಕುಲುಕಿಸಿ, "ಇವತ್ತಿಂದ ನೀವು ದೋಸ್ತರು" ಎಂದೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

ಮುಂದಿನ ವಾರ ಊಟದ ಸಾಲಿನಲ್ಲಿ ಆ ಹುಡುಗ ತಾನೇ ತತ್ತಿ ಸುಲಿದು, ಯಾರೂ ಕೇಳದೆಯೇ, ಪಕ್ಕದವನ ತಟ್ಟೆಗೆ ಇಟ್ಟ. ಸಿಪ್ಪೆಯ ಚೂರುಗಳನ್ನು ತನ್ನ ತಟ್ಟೆಯ ಅಂಚಿಗೆ ಒಂದೊಂದಾಗಿ ಜೋಡಿಸುತ್ತ ಕೂತ. ಮೂರು ಹೆಜ್ಜೆ ದೂರದಲ್ಲಿ ನಿಂತು ನೋಡಿದ ನಾನು, ದೋಸ್ತಿ ಕುದುರಿತು ಎಂದು ಖುಷಿಪಟ್ಟೆ.

ತಿಂಗಳಾದ ಮೇಲೆ ಅಜ್ಜಿ ಬಂದರು. "ಅಕ್ಕೋರ, ತತ್ತಿ ಕೊಡೋ ದಿನಾನ ಹುಡುಗ ಸಾಲಿ ಒಲ್ಲೆ ಅಂತಾನ್ರಿ. ಹೊಟ್ಟಿ ನೋವಂತ." ಹಾಜರಿ ಪುಸ್ತಕ ತೆಗೆದೆ. ಆಗ ವಾರಕ್ಕೆ ಎರಡು ದಿನ ತತ್ತಿ. ಆ ಎರಡೂ ದಿನ ಅವನ ಹೆಸರಿನ ಮುಂದೆ ಗೈರು. ಬರೆದವಳು ನಾನೇ. ಒಬ್ಬನನ್ನೇ ಕೂಡಿಸಿಕೊಂಡು ಕೇಳಿದಾಗ ಹೇಳಿದ: "ದೋಸ್ತ ಆಗೀವಲ್ಲಾ, ದೋಸ್ತಗ ತತ್ತಿ ಕೊಡಬೇಕು ಅಂತಾರ್ರಿ. ನಿಮಗ ಹೇಳಿದ್ರ ನಾನ ಟೂ ಬಿಟ್ಟಂಗಂತ." ನಾನು ಮಾಡಿಸಿದ ದೋಸ್ತಿಯೇ ಅವನ ಬಾಯಿ ಕಟ್ಟಿತ್ತು.

ಕಾಟವನ್ನು ನಾನು ಜಗಳ ಎಂದುಕೊಂಡಿದ್ದೆ. ಕಬಡ್ಡಿಯಲ್ಲಿ ಔಟ್ ಆದೆ, ಆಗಲಿಲ್ಲ ಎನ್ನುವುದು ಜಗಳ. ಇಬ್ಬರದೂ ಸರಿಸಮ ಬಲ. ಅಂಥದ್ದಕ್ಕೆ ಖಂಡಿತ ಕೂಡಿಸಿ ಮಾತಾಡಿಸಿ, ಮಕ್ಕಳು ಕಲಿಯುತ್ತಾರೆ. ಕಾಟದಲ್ಲಿ ಒಬ್ಬನಿಗೆ ತಿರುಗಿ ನಿಲ್ಲುವ ಶಕ್ತಿಯೇ ಇರುವುದಿಲ್ಲ. ಇದರ ಅಧ್ಯಯನಕ್ಕೇ ಬದುಕು ಸವೆಸಿದ ನಾರ್ವೆಯ ಡಾನ್ ಓಲ್ವೇಯಸ್ ಹೇಳಿದ ಗುರುತುಗಳೂ ಇವೇ: ಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಬಲದಲ್ಲಿ ಅಂತರ. ರಾಜಿ ಎಂದರೆ ಇಬ್ಬರೂ ಸ್ವಲ್ಪ ಬಿಟ್ಟುಕೊಡಬೇಕು. ಆ ಹುಡುಗ ಏನು ಬಿಟ್ಟುಕೊಡಬೇಕಿತ್ತು, ಅರ್ಧ ತತ್ತಿಯೇ? ಈಗಲೂ ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಆಮೇಲೆ ಆ ಇಬ್ಬರೊಂದಿಗೆ ಬೇರೆ ಬೇರೆಯಾಗಿ ಮಾತಾಡಿದೆ. ಹೊಡೆಯಲಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದನ್ನು ನಿಷೇಧಿಸಿದೆ, ಹೊಡೆದರೆ ಬಲವಿದ್ದವರದೇ ಮಾತು ಎಂದು ನಾನೇ ಕಲಿಸಿದಂತೆ. ಹೆಚ್ಚು ಹೊತ್ತು ಕೊಟ್ಟಿದ್ದು ಸುಮ್ಮನೆ ನೋಡುತ್ತಿದ್ದ ಮಕ್ಕಳಿಗೆ. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯ ರೂಪಿಸಿದ, ಶಾಲೆಗಳಲ್ಲಿ ಇಂಥ ಕಾಟ ತಡೆಯುವ 'ಕಿವಾ' ಕಾರ್ಯಕ್ರಮವೂ ಅಂಥ ಮಕ್ಕಳನ್ನೇ ನಂಬಿದೆ. ಕಾರಣ ಹೇಳಿ, ನೋಡುತ್ತಿದ್ದವರಲ್ಲಿ ಮೂವರನ್ನು ಊಟಕ್ಕೆ ಆ ಹುಡುಗನ ಆಚೆ-ಈಚೆ ಕೂಡಲು ಕೇಳಿದೆ. ಅವರಿಗೆ ಎಲ್ಲ ಮೊದಲೇ ಗೊತ್ತಿತ್ತು. "ನೀವು ಕೇಳಿದ್ದಿಲ್ರಿ ಅಕ್ಕೋರ" ಎಂದಳು ಒಬ್ಬಳು.

ನಾಳೆ ಚಟುವಟಿಕೆ ಹುಡುಕುವ ಮೊದಲು ಹಾಜರಿ ಪುಸ್ತಕ ತೆಗೆಯಿರಿ. ನಿಮ್ಮ ತರಗತಿಯ ಆ ಹುಡುಗ ಯಾವ್ಯಾವ ದಿನ ತಪ್ಪಿಸಿದ್ದಾನೆ, ಆ ದಿನ ಶಾಲೆಯಲ್ಲಿ ಏನಿತ್ತು ನೋಡಿ.