ಮನೆಯ ಮರಗೆಲಸದ ಶೆಡ್ಡಿನಲ್ಲಿ ಧೂಳು ಎಳೆಯಲು 75 ಎಂಎಂ ಪೈಪು ಸಾಕಾ?

ದಯವಿಟ್ಟು 75 ಎಂಎಂ ಪೈಪು ತರಬೇಡಿ. 2 ಎಚ್‌ಪಿ ಡಸ್ಟ್ ಕಲೆಕ್ಟರ್ (ಧೂಳು ಎಳೆಯುವ ಮೆಷಿನ್) ಇದೆ, ಮರ ಕುಯ್ಯುವ ಟೇಬಲ್ ಸಾ, ಹಲಗೆ ಹೆರೆಯುವ ಪ್ಲೇನರ್, ಉಜ್ಜಿ ನಯ ಮಾಡುವ ಸ್ಯಾಂಡರ್ ಮೂರಕ್ಕೂ ಸೇರಿಸಿ ಗೋಡೆಯುದ್ದಕ್ಕೂ ಒಂದು ಲೈನ್ ಎಳೆಯಬೇಕು, 75 ಸಾಕಾ 110 ಬೇಕಾ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ಬಂಗಾರಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು ನಾನೂ ಇದನ್ನೇ ಯೋಚಿಸುತ್ತಿದ್ದೆ. ಮೆಷಿನ್‌ಗಳೂ ಇವೇ, ಮೋಟರೂ ಇಷ್ಟೇ. ನಾನು 75 ತಂದೆ.

ನಮ್ಮ ಶೆಡ್ಡು ಮನೆಯ ಹಿಂದಿದೆ. 10 ಅಡಿ ಅಗಲ, 18 ಅಡಿ ಉದ್ದ, ಮೇಲೆ ಜಿಂಕ್ ಶೀಟು. ಸಂಜೆ ಮತ್ತು ಭಾನುವಾರ ಮಾತ್ರ ಕೆಲಸ. ಶ್ರೀನಿವಾಸಪುರದ ಕಡೆ ಹಳೇ ಮಾವಿನ ತೋಪು ತೆಗೆದಾಗ ಸಿಗುವ ಮರ, ಹಲಸು, ಒಮ್ಮೊಮ್ಮೆ ಬೇವು. ಕಲೆಕ್ಟರನ್ನು ಒಂದು ಮೂಲೆಯಲ್ಲಿಟ್ಟು ತಲೆಯೆತ್ತರಕ್ಕೆ ಗೋಡೆಗೆ ಪೈಪು ಹೊಡೆದೆ. ಮೂರು ಕಡೆ ಕೆಳಗೆ ಇಳಿಸಿದೆ. ತಿರುವಿಗೆಲ್ಲ ನೀರಿನ ಲೈನಿಗೆ ಹಾಕುವ 90 ಡಿಗ್ರಿ ಎಲ್ಬೋ, ಕವಲಿಗೆಲ್ಲ ಟೀ. ಜಾಯಿಂಟ್‌ಗಳಿಗೆ ಸಾಲ್ವೆಂಟ್ (ಪೈಪು ಅಂಟಿಸುವ ಗೋಂದು) ಹಾಕಿ ಗಟ್ಟಿ ಮಾಡಿದೆ. ಎರಡು ಭಾನುವಾರ ಹಿಡಿಯಿತು. ನೋಡಲು ಬಹಳ ಚೆನ್ನಾಗಿತ್ತು.

ಮೊದಲ ದಿನ ಹಲಸಿನ ಹಲಗೆಗಳನ್ನು ಪ್ಲೇನರ್‌ಗೆ ಕೊಟ್ಟೆ. ಐದನೇ ಹಲಗೆಗೆಲ್ಲ ಹೊಟ್ಟು ಪೈಪಿಗೆ ಹೋಗುವುದು ನಿಂತು ಮೆಷಿನ್ ಬಾಯಿಂದಲೇ ಉಕ್ಕತೊಡಗಿತು. ಎರಡನೇ ಎಲ್ಬೋ ಒಳಗೆ ಸುರುಳಿ ಸುರುಳಿ ಹೊಟ್ಟು ಕಲ್ಲಿನ ಹಾಗೆ ಕೂತಿತ್ತು. ಸಾಲ್ವೆಂಟ್ ಹಾಕಿದ್ದರಿಂದ ಬಿಚ್ಚಲು ಆಗಲಿಲ್ಲ. ಪೈಪನ್ನೇ ಕುಯ್ದೆ.

ನನ್ನ ತಪ್ಪು ಇಲ್ಲೇ ಇತ್ತು. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಅದನ್ನೇ ಬರೆದಿದ್ದೀರಿ: "ಪೈಪು ಸಣ್ಣದಾದರೆ ಇನ್ನೂ ಜೋರಾಗಿ ಎಳೆಯುತ್ತೆ ಅಲ್ವಾ?" ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಬೆರಳು ಅಡ್ಡ ಹಿಡಿದರೆ ನೀರು ದೂರಕ್ಕೆ ಚಿಮ್ಮುತ್ತದೆ. ನಾನು ಅದನ್ನು ನೋಡಿಯೇ ಮೋಸ ಹೋದೆ. ಆದರೆ ಬೆರಳು ತೆಗೆದರೇನೇ ಬಕೆಟ್ ಬೇಗ ತುಂಬುವುದು. ಧೂಳಿಗೆ ಬೇಕಾಗಿರುವುದು ಬಕೆಟ್ ತುಂಬುವ ಗಾಳಿ, ಚಿಮ್ಮುವ ಗಾಳಿಯಲ್ಲ.

ಕಲೆಕ್ಟರ್ ಅಂದರೆ ಒಂದು ದೊಡ್ಡ ಫ್ಯಾನು, ಅಷ್ಟೇ. ಅದರ ಎಳೆತದ ಬಲ ಬಹಳ ಕಡಿಮೆ. ನೀರಿನ ಲೆಕ್ಕದಲ್ಲಿ ಹೇಳಿದರೆ ಸುಮಾರು 8ರಿಂದ 10 ಇಂಚು, ಅಂದರೆ ಒಂದು ಗೇಣು ನೀರನ್ನು ಮೇಲಕ್ಕೆ ಎಳೆಯುವಷ್ಟು. ವ್ಯಾಕ್ಯೂಮ್ ಕ್ಲೀನರ್ 80 ಇಂಚು ಎಳೆಯುತ್ತದೆ, ಒಂದಾಳೆತ್ತರಕ್ಕಿಂತ ಜಾಸ್ತಿ. ಆದರೆ ಅದು ಎಳೆಯುವ ಗಾಳಿ ಸ್ವಲ್ಪವೇ. ಕಲೆಕ್ಟರ್ ಇದಕ್ಕೆ ತಿರುಗುಮುರುಗು: ಬಲ ಕಡಿಮೆ, ಗಾಳಿ ರಾಶಿ. ಇಂಥ ಫ್ಯಾನಿಗೆ ಸಣ್ಣ ಪೈಪು ಹಾಕಿದರೆ ಇರುವ ಒಂದು ಗೇಣು ಬಲವೆಲ್ಲ ಪೈಪಿನ ಗೋಡೆಗೆ ಉಜ್ಜುವುದರಲ್ಲೇ ಮುಗಿದುಹೋಗುತ್ತದೆ. ಮೆಷಿನ್ ಹತ್ತಿರ ಏನೂ ಉಳಿಯುವುದಿಲ್ಲ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಹೊಟ್ಟು ಪೈಪಿನಲ್ಲಿ ಕೂರದೆ ತೇಲಿಕೊಂಡು ಹೋಗಲು ಗಾಳಿಗೆ ನಿಮಿಷಕ್ಕೆ 4000 ಅಡಿ ವೇಗ ಬೇಕು ಅನ್ನುವುದು ಈ ಕೆಲಸದಲ್ಲಿ ಎಲ್ಲರೂ ಹಿಡಿಯುವ ಅಳತೆ. ಆ ವೇಗದಲ್ಲಿ 75 ಎಂಎಂ ಪೈಪಿನಲ್ಲಿ ನಿಮಿಷಕ್ಕೆ ಸುಮಾರು 160 ಘನ ಅಡಿ ಗಾಳಿ ಹೋಗುತ್ತದೆ. 110 ಎಂಎಂನಲ್ಲಿ 350. 160 ಎಂಎಂನಲ್ಲಿ 800ರ ಹತ್ತಿರ. ಟೇಬಲ್ ಸಾ ಒಂದಕ್ಕೇ 350 ಬೇಕು. ನನ್ನ ಕಲೆಕ್ಟರ್ ಪ್ಲೇಟಿನ ಮೇಲೆ 1200 ಅಂತ ಬರೆದಿತ್ತು. ಅದು ಪೈಪು, ಚೀಲ ಏನೂ ಹಾಕದೆ ಅಳೆದದ್ದು. ಇನ್ನೊಂದು ವಿಷಯ: ಅಷ್ಟೇ ಗಾಳಿಯನ್ನು ಅರ್ಧ ಅಗಲದ ಪೈಪಿನಲ್ಲಿ ನೂಕಿದರೆ ತಡೆ ಎರಡರಷ್ಟಲ್ಲ, 32ರಷ್ಟು ಆಗುತ್ತದೆ. ಇದು ಗೊತ್ತಿದ್ದಿದ್ದರೆ ನಾನು ಆ ಅಂಗಡಿಯಲ್ಲಿ ಬೇರೆ ಪೈಪು ಕೇಳುತ್ತಿದ್ದೆ.

ಗೊತ್ತಿರಲಿಲ್ಲ. ಮೋಟರು ಸಾಲದು ಅಂದುಕೊಂಡೆ. 2 ಎಚ್‌ಪಿ ಅರ್ಧ ಬೆಲೆಗೆ ಕೊಟ್ಟು 3 ಎಚ್‌ಪಿ ತಂದೆ. ಮನೆಯದು ಸಿಂಗಲ್ ಫೇಸ್. ಆನ್ ಮಾಡಿದರೆ ಅಡುಗೆಮನೆಯ ಬಲ್ಬು ಮಂಕಾಗುತ್ತಿತ್ತು, ಬೇಸಿಗೆಯಲ್ಲಿ ವೋಲ್ಟೇಜ್ ಇಳಿದಾಗ ಎಂಸಿಬಿ ಬೀಳುತ್ತಿತ್ತು. ಹೊಟ್ಟು ಮಾತ್ರ ಅದೇ ಎಲ್ಬೋದಲ್ಲಿ ಕೂರುತ್ತಿತ್ತು.

ಎಂಸಿಬಿ ನೋಡಲು ಬಂದ ಎಲೆಕ್ಟ್ರಿಷಿಯನ್ ತಂತಿಯಲ್ಲಿ ಎಷ್ಟು ಕರೆಂಟ್ ಹೋಗುತ್ತಿದೆ ಅಂತ ತೋರಿಸುವ ಟಾಂಗ್ ಟೆಸ್ಟರ್ ಹಾಕಿದರು. ಪೈಪು ಕಳಚಿ ಓಡಿಸಿದರೆ 14 ಆಂಪ್ಸ್. ಪೈಪು ಸೇರಿಸಿದರೆ 8. ನಾನು ತದ್ವಿರುದ್ಧ ಅಂದುಕೊಂಡಿದ್ದೆ. ಪೈಪು ಸೇರಿಸಿದಾಗ ಸದ್ದು ಕೀರಲಾಗುತ್ತಿತ್ತು, ಆಗಲೇ ಜಾಸ್ತಿ ದುಡಿಯುತ್ತಿದೆ ಅಂತ ನನ್ನ ನಂಬಿಕೆ. ಅವರು ಹೇಳಿದರು, "ಸರ್, ಫ್ಯಾನಿಗೆ ಗಾಳಿ ಸಿಗ್ತಾ ಇಲ್ಲ. ಸುಮ್ನೆ ತಿರುಗ್ತಿದೆ. ಕೆಲಸ ಇದ್ರೆ ತಾನೆ ಕರೆಂಟ್ ತಗೊಳ್ಳೋದು?" ನಿಮ್ಮಲ್ಲೂ ಸಂಶಯ ಇದ್ದರೆ ಈ ಪರೀಕ್ಷೆ ಮಾಡಿಸಿ. ಐದು ನಿಮಿಷದ ಕೆಲಸ.

ಆದರೂ ಆ ವರ್ಷವೆಲ್ಲ ಅದೇ ಲೈನಿನಲ್ಲಿ ದಿನ ದೂಡಿದೆ. ಕೂತ ಹೊಟ್ಟನ್ನು ಕಂಬಿ ಹಾಕಿ ನೂಕುವುದು, ಕೊನೆಗೆ ನೆಲ ಗುಡಿಸುವುದು. ನೆಲ ಚೊಕ್ಕಟವಾದರೆ ಧೂಳು ಹೋಯಿತು ಅಂತಲೇ ನನ್ನ ಲೆಕ್ಕ. ಕೆಮ್ಮು ಶುರುವಾಗಿತ್ತು. ಹಲಸು ಕುಯ್ದ ದಿನ ಮೂಗು ಸೀನಿದರೆ ಕರ್ಚೀಫು ಹಳದಿ.

ನನ್ನ ಮಾವ, ಹೆಂಡತಿಯ ತಂದೆ, ಕೆಜಿಎಫ್‌ನವರು. 2001ರಲ್ಲಿ ಗಣಿ ಮುಚ್ಚುವವರೆಗೂ ಅಲ್ಲೇ ಕೆಲಸ ಮಾಡಿದವರು. ಒಂದು ರಾತ್ರಿ ನಾನು ಸ್ಯಾಂಡಿಂಗ್ ಮುಗಿಸಿದ ಹೊತ್ತಿಗೆ ಕರೆಂಟ್ ಹೋಯಿತು. ಅವರು ಟಾರ್ಚ್ ಹಿಡಿದುಕೊಂಡು ಊಟಕ್ಕೆ ಕರೆಯಲು ಬಂದರು. ಬಾಗಿಲಲ್ಲೇ ನಿಂತುಬಿಟ್ಟರು. ಟಾರ್ಚಿನ ಬೆಳಕು ಕೋಲಿನ ಹಾಗೆ ಶೆಡ್ಡಿನ ಆ ಗೋಡೆವರೆಗೆ ಕಾಣುತ್ತಿತ್ತು. ಅದರೊಳಗೆ ಪುಡಿ ತೇಲುತ್ತಿತ್ತು. ನಾನು ಮೆಷಿನ್ ನಿಲ್ಲಿಸಿ ಕಾಲು ಗಂಟೆಯ ಮೇಲಾಗಿತ್ತು.

"ದಪ್ಪ ಧೂಳು ಮೂಗಲ್ಲೇ ನಿಲ್ಲುತ್ತೆ ಅಳಿಯಂದ್ರೇ. ಇದು ನಿಲ್ಲಲ್ಲ," ಅಂದರು. ಗಣಿಯಲ್ಲಿ ಕಲ್ಲು ಕೊರೆಯುವಾಗ ಧೂಳು ಏಳಬಾರದು ಅಂತ ನೀರು ಬಿಟ್ಟುಕೊಂಡೇ ಕೊರೆಯುತ್ತಿದ್ದರಂತೆ. ಮರಕ್ಕೆ ನೀರು ಬಿಡಲು ಆಗುವುದಿಲ್ಲ.

ಮಾರನೇ ದಿನ ಹಗಲಲ್ಲಿ ಬಂದು ಲೈನನ್ನೆಲ್ಲ ನೋಡಿದರು. ಎರಡು ಮಾತು ಕೇಳಿದರು. ಮೊದಲನೆಯದು: "ಗಾಳಿ ಹೋಗೋಕೆ ದಾರಿ ಮಾಡಿದ್ದೀರಿ. ಬರೋಕೆ ಎಲ್ಲಿದೆ?" ಸದ್ದು ಪಕ್ಕದ ಮನೆಗೆ ಕೇಳಿಸಬಾರದು ಅಂತ ನಾನು ಕಿಟಕಿ, ಬಾಗಿಲು ಎಲ್ಲ ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದೆ. ಮೂರು ಕಿಲೋಮೀಟರಿಗೂ ಆಳದ ಗಣಿಗೆ ಗಾಳಿ ಇಳಿಯಲು ಒಂದು ಬಾವಿ, ಮೇಲೆ ಬರಲು ಇನ್ನೊಂದು. ಇದು ಅವರಿಗೆ ಅಂಗೈ ಗೆರೆಯಷ್ಟು ಗೊತ್ತು. ಎರಡನೆಯದು: "ಬಳಸದೇ ಇರೋ ಬಾಯಿ ಯಾಕೆ ತೆಗೆದಿಟ್ಟಿದ್ದೀರಿ?" ಗಣಿಯ ದಾರಿಗಳಲ್ಲಿ ಗಾಳಿ ಬಾಗಿಲುಗಳಿರುತ್ತವೆ. ಒಂದನ್ನು ತೆಗೆದಿಟ್ಟರೆ ಗಾಳಿ ಹತ್ತಿರದ ದಾರಿ ಹಿಡಿದು ವಾಪಸ್ ಹೋಗುತ್ತದೆ, ಒಳಗೆ ಕೆಲಸ ಮಾಡುವವನಿಗೆ ಸಿಗುವುದಿಲ್ಲ. ನನ್ನ ಮೂರು ಬಾಯಿಗೂ ಮುಚ್ಚಳ ಇರಲಿಲ್ಲ. ಮೊದಲೇ ಸಾಲದ ಗಾಳಿ ಮೂರು ಪಾಲಾಗುತ್ತಿತ್ತು.

ಆಮೇಲೆ ಡಾಕ್ಟರ ಹತ್ತಿರ ಹೋದೆ. ಎದೆಯ ಎಕ್ಸ್‌ರೇ ಸರಿಯಾಗಿತ್ತು, ಅದು ನನ್ನ ಪುಣ್ಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮುಖ್ಯವಾಗಿ ಮೂಗು ಮತ್ತು ಅದರ ಸುತ್ತಲಿನ ಸೈನಸ್‌ಗಳ ಕ್ಯಾನ್ಸರ್. ಮರ ನೈಸರ್ಗಿಕ, ಅದರ ಪುಡಿಯಿಂದ ಏನಾಗುತ್ತೆ ಅನ್ನುವವರು ನಿಮಗೂ ಸಿಗುತ್ತಾರೆ. ಅವರ ಮಾತು ಕೇಳಬೇಡಿ.

ಈಗ ನಿಮ್ಮ ಪ್ರಶ್ನೆ. 75ಓ 110ಓ ಅನ್ನುವುದಕ್ಕಿಂತ ಮೊದಲು, ಲೈನೇ ಯಾಕೆ? ಕೆಲಸ ಮಾಡುವವರು ನೀವೊಬ್ಬರೇ. ಒಂದು ಸಲಕ್ಕೆ ಒಂದೇ ಮೆಷಿನ್. ನಾನು ಲೈನನ್ನೆಲ್ಲ ಕಿತ್ತೆ. ಹಿಂದಿನ ಗೋಡೆಗೆ ತೂತು ಹೊಡೆದು ಕಲೆಕ್ಟರನ್ನು ಹೊರಗೆ ಇಟ್ಟೆ, ಮೇಲೆ ಒಂದು ಶೀಟು ಇಳಿಸಿದೆ. ಗೋಡೆಯಿಂದ ಒಳಗೆ ಎರಡು ಅಡಿ ಪೈಪು, ಅದಕ್ಕೆ ಆರು ಅಡಿ ಉದ್ದದ 4 ಇಂಚಿನ ಹೋಸ್. ಟೇಬಲ್ ಸಾ, ಪ್ಲೇನರ್ ಎರಡಕ್ಕೂ ಚಕ್ರ ಹಾಕಿಸಿದೆ. ಯಾವುದು ಬೇಕೋ ಅದನ್ನು ಹೋಸಿನ ಹತ್ತಿರ ತಳ್ಳಿಕೊಳ್ಳುತ್ತೇನೆ. ಎದುರು ಗೋಡೆಯ ಕಿಟಕಿ ಪೂರ್ತಿ ತೆಗೆದಿರುತ್ತದೆ. ಈಗ ಟಾರ್ಚ್ ಹಾಕಿದರೆ ಬೆಳಕಿನ ಕೋಲು ಕಾಣುವುದಿಲ್ಲ.

ಕಲೆಕ್ಟರ್ ಹೊರಗಿಡುವ ವಿಷಯ ನನ್ನ ಮಟ್ಟಿಗೆ ಪೈಪಿಗಿಂತ ದೊಡ್ಡದು. ವಿಡಿಯೋಗಳಲ್ಲಿ ಅದನ್ನು ಒಳಗೇ ಇಟ್ಟು ದುಬಾರಿ ಫಿಲ್ಟರ್ ಹಾಕುವುದನ್ನು ತೋರಿಸುತ್ತಾರೆ. ಅದು ಚಳಿ ದೇಶದವರ ಕಷ್ಟ. ಅವರು ಕಾಯಿಸಿದ ಗಾಳಿಯನ್ನು ಹೊರಗೆ ಬಿಟ್ಟರೆ ಕೋಣೆ ತಣ್ಣಗಾಗುತ್ತದೆ. ನಮಗೆ ಕೋಲಾರದಲ್ಲಿ ಯಾವ ಹೀಟರ್? 30 ಮೈಕ್ರಾನ್‌ಗಿಂತ ದಪ್ಪ ಪುಡಿಯನ್ನು ಮಾತ್ರ ಹಿಡಿಯುವ ಬಟ್ಟೆ ಚೀಲವನ್ನು ಒಳಗೆ ಇಟ್ಟರೆ ದಪ್ಪ ಹೊಟ್ಟು ಚೀಲದಲ್ಲಿ ಉಳಿದು, ಎದೆಗಿಳಿಯುವ ಸಣ್ಣ ಪುಡಿ ಬಟ್ಟೆಯಿಂದ ತೂರಿ ವಾಪಸ್ ನಿಮ್ಮ ಮುಖಕ್ಕೇ ಬರುತ್ತದೆ. ಪಕ್ಕದವರು ಬಟ್ಟೆ ಒಣಗಿಸುವ ಕಡೆಗೆ ಮಾತ್ರ ಚೀಲ ಇಡಬೇಡಿ.

ಸ್ಯಾಂಡರನ್ನು ಕಲೆಕ್ಟರ್‌ಗೆ ಸೇರಿಸಲೇಬೇಡಿ. ಅದರ ಬಾಯಿ ಸಣ್ಣದು, ಅದಕ್ಕೆ ಬೇಕಾದದ್ದು ಆಳೆತ್ತರ ಎಳೆಯುವ ವ್ಯಾಕ್ಯೂಮ್ ಕ್ಲೀನರ್. ಜೊತೆಗೆ ಎನ್95 ಮಾಸ್ಕ್.

ಇಷ್ಟು ಹೇಳಿದ ಮೇಲೂ ಲೈನ್ ಬೇಕೇ ಬೇಕು ಅಂದರೆ ಬಚ್ಚಲಿನ ಲೈನಿಗೆ ಹಾಕುವ 110 ಎಂಎಂ ಎಸ್‌ಡಬ್ಲ್ಯೂಆರ್ ಪೈಪು ತನ್ನಿ, ಹತ್ತು ಹನ್ನೆರಡು ಅಡಿಯೊಳಗೆ ಮುಗಿಸಿ. 90 ಎಲ್ಬೋ ಬೇಡ, ಎರಡು 45 ಬೆಂಡ್ ಸೇರಿಸಿ. ಟೀ ಬೇಡ, ಓರೆಯಾಗಿ ಸೇರುವ ವೈ ಹಾಕಿ. ಪ್ರತಿ ಕವಲಿಗೂ ಪ್ಲೈವುಡ್ಡಿನಲ್ಲಿ ಜಾರುವ ಮುಚ್ಚಳ ಮಾಡಿ, ಬಳಸುವುದೊಂದನ್ನೇ ತೆಗೆಯಿರಿ. ಸಾಲ್ವೆಂಟ್ ಹಾಕದೆ ಸ್ಕ್ರೂ ಮತ್ತು ಟೇಪ್ ಸಾಕು, ಮುಂದೆ ಬಿಚ್ಚಬೇಕಾಗುತ್ತದೆ. ಹೋಸ್ ಉದ್ದ ಮಾಡಬೇಡಿ, ಅದರ ಒಳಗಿನ ಸುಕ್ಕು ಗಾಳಿಯನ್ನು ಬಹಳ ತಡೆಯುತ್ತದೆ. ಎಲ್ಲಕ್ಕಿಂತ ದೊಡ್ಡದೇ ಇರಲಿ ಅಂತ 160ಕ್ಕೆ ಹಾರಬೇಡಿ. ಮೆಷಿನ್ನಿನ ಬಾಯಿ 4 ಇಂಚೇ ಇದ್ದರೆ 160ರಲ್ಲಿ ಗಾಳಿ ನಿಧಾನವಾಗಿ ಹೊಟ್ಟು ಅಡ್ಡ ಪೈಪಿನಲ್ಲೇ ಕೂರುತ್ತದೆ. ಮೆಷಿನ್ನಿನ ಬಾಯಿಯನ್ನೂ ದೊಡ್ಡದು ಮಾಡುವ ಧೈರ್ಯ ಇದ್ದರೆ ಮಾತ್ರ 160. ಧೂಳು ಉಜ್ಜಿ ಪ್ಲಾಸ್ಟಿಕ್ ಪೈಪಿನಲ್ಲಿ ಸ್ಥಿರ ವಿದ್ಯುತ್ ಕೂಡಿ, ಮುಟ್ಟಿದರೆ ಚುರ್ ಅನ್ನುತ್ತದೆ, ಬರಿ ತಾಮ್ರದ ತಂತಿ ಸುತ್ತಿ ಅರ್ತ್‌ಗೆ ಕೊಡಿ. ಹಳೇ ಮರದ ಮೊಳೆ ಫ್ಯಾನಿಗೆ ಬಡಿದರೆ ಕಿಡಿ ಎದ್ದು ಚೀಲದ ಪುಡಿಗೆ ಹತ್ತಿಕೊಳ್ಳಬಹುದು. ಕೆಲಸ ಮುಗಿದ ದಿನವೇ ಚೀಲ ಖಾಲಿ ಮಾಡಿ.

ನಾನು ಕುಯ್ದ 75 ಎಂಎಂ ಪೈಪು ಈಗ ಶೆಡ್ಡಿನ ಶೀಟಿನಿಂದ ಮಳೆ ನೀರನ್ನು ತೊಟ್ಟಿಗೆ ಇಳಿಸುತ್ತಿದೆ. ನಿಮ್ಮ ಶೆಡ್ಡಿನ ಅಳತೆ, ಕಿಟಕಿ ಯಾವ ಕಡೆ ಇದೆ, ಹಿಂದಿನ ಗೋಡೆಯ ಆಚೆ ಯಾರ ಜಾಗ ಅಂತ ಬರೆಯಿರಿ. ತೂತು ಎಲ್ಲಿ ಹೊಡೆಯಬಹುದು ಅಂತ ಹೇಳುತ್ತೇನೆ.