ಕಂಬದ ಮೇಲಿನ ಡಬ್ಬಿ ಯಾರಿಗಾಗಿ?

ಓದುಗರೇ, ‘ಎಲ್ಲರ ಮೊಬೈಲಿನಲ್ಲೂ ಡೇಟಾ ಇರುವಾಗ ಬೀದಿ ಬೀದಿಗೆ ವೈಫೈ ಹಾಕಲು ನಮ್ಮ ತೆರಿಗೆ ಹಣ ಯಾಕೆ?’ ಎಂದು ಕೇಳಿದ್ದೀರಿ. ಕಳೆದ ಸಂಚಿಕೆಯ ನಮ್ಮ ಲೇಖನ ಬರೀ ಉಚಿತ ಇಂಟರ್ನೆಟ್ಟನ್ನೇ ಹೊಗಳಿತು ಎಂದೂ ಬೇಸರಪಟ್ಟಿದ್ದೀರಿ. ಆ ಮಾತು ಸರಿ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗಿದೆ.

ಪಾರ್ಕಿನಲ್ಲಿ ಕೂತು ವಿಡಿಯೊ ನೋಡುವುದಕ್ಕಷ್ಟೇ ಆದರೆ ಈ ಖರ್ಚು ಬೇಡ. ಆದರೆ ಇಂಥ ಜಾಲದ ಮೊದಲ ಗಿರಾಕಿ ನಾವಲ್ಲ, ಊರಿನ ಕೆಲಸ ನೋಡಿಕೊಳ್ಳುವವರು.

ನೀರನ್ನೇ ತೆಗೆದುಕೊಳ್ಳಿ. ರಾತ್ರಿ 2ರಿಂದ 4ರವರೆಗೆ ಊರು ಮಲಗಿರುತ್ತದೆ. ದಿನವಿಡೀ ನೀರು ಬಿಡುವ ಕಡೆ ಆ ಹೊತ್ತಿನಲ್ಲಿ ಮುಖ್ಯ ಪೈಪಿನ ಹರಿವು ತೀರಾ ಕಡಿಮೆ ಇರಬೇಕು. ಜಾಸ್ತಿ ಇದ್ದರೆ ಎಲ್ಲೋ ಸೋರುತ್ತಿದೆ ಎಂದು ಅನುಮಾನಪಡಲೇಬೇಕು. ತಿಂಗಳಿಗೊಮ್ಮೆ ಬಂದು ಮೀಟರ್ ನೋಡುವವರಿಗೆ ಇದು ಗೊತ್ತಾಗುವುದೇ ಇಲ್ಲ. ಗಂಟೆಗೊಮ್ಮೆ ಲೆಕ್ಕ ಕಳಿಸುವ ಮೀಟರ್ ಇದ್ದರೆ ಮಾರನೇ ಬೆಳಿಗ್ಗೆಯೇ ಗೊತ್ತಾಗುತ್ತದೆ. ರಸ್ತೆ ಕುಸಿದ ಮೇಲೆ ಅಗೆಯುವುದಕ್ಕಿಂತ ಇದು ಎಷ್ಟೋ ವಾಸಿ, ಅಲ್ವಾ? ಇದಕ್ಕೆ ವೈಫೈ ಕೂಡ ಬೇಕಿಲ್ಲ. ಲೋರಾ ಎಂಬ ರೇಡಿಯೊ ಸಾಕು. ಅದರ ವೇಗ ತೀರಾ ಕಮ್ಮಿ, ಆದರೆ ಕಳಿಸಬೇಕಾದ್ದು ಒಂದು ಸಂಖ್ಯೆ ಮಾತ್ರ. ವೈಫೈ ಸುಮಾರು 100 ಮೀಟರಿಗೆ ಸುಸ್ತಾದರೆ, ಲೋರಾ ಊರೊಳಗೂ ಒಂದೆರಡು ಕಿಲೋಮೀಟರ್ ಮುಟ್ಟುತ್ತದೆ. ಮೀಟರಿನ ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ. ಕೆಟ್ಟ ಬೀದಿದೀಪವೂ ಹೀಗೆಯೇ ತಾನೇ ವರದಿ ಕೊಡಬಲ್ಲದು.

ಇನ್ನು ಆಪತ್ತಿನ ಹೊತ್ತು. 2007ರ ಆಗಸ್ಟ್ 1ರ ಸಂಜೆ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮಿಸಿಸಿಪ್ಪಿ ನದಿಯ ಹೆದ್ದಾರಿ ಸೇತುವೆ ಕುಸಿದು 13 ಜನ ಸತ್ತರು. ಎಲ್ಲರೂ ಒಟ್ಟಿಗೆ ಫೋನ್ ಮಾಡಿದಾಗ ಮೊಬೈಲ್ ಜಾಲ ಕಟ್ಟಿಕೊಂಡಿತು. ಆಗಿನ್ನೂ ಅರ್ಧ ಕಟ್ಟಿದ್ದ ನಗರದ ವೈಫೈಯನ್ನು ಎಲ್ಲರಿಗೂ ಉಚಿತವಾಗಿ ತೆರೆದರು. ರಕ್ಷಣಾ ಸಿಬ್ಬಂದಿಗೂ ಅದೇ ಆಸರೆಯಾಯಿತು. ನಿಮ್ಮ ‘ಎಲ್ಲರ ಬಳಿಯೂ ಡೇಟಾ ಇದೆ’ ಎಂಬ ಮಾತಿಗೆ ನನ್ನ ಉತ್ತರ ಇದೇ.

ಸೋತ ಕತೆಯನ್ನೂ ಹೇಳಬೇಕು. ಅದೇ ದೇಶದ ಫಿಲಡೆಲ್ಫಿಯಾ 2004ರಲ್ಲಿ ಇಡೀ ನಗರಕ್ಕೆ ವೈಫೈ ಕೊಡುತ್ತೇನೆಂದು ಹೊರಟಿತು. ಮನೆಮನೆಯ ಚಂದಾ ಹಣದಿಂದ ಖರ್ಚು ಹುಟ್ಟುತ್ತದೆ ಎಂದು ನಂಬಿದ್ದರು. ಬೀದಿಕಂಬದ ಮೇಲೆ ಕೂರಿಸಿದ ವೈಫೈ ಡಬ್ಬಿಯ ಸಿಗ್ನಲ್ ಗೋಡೆ ದಾಟಿ ಒಳಗೆ ಸರಿಯಾಗಿ ಬರಲಿಲ್ಲ, ಚಂದಾದಾರರೂ ಸಾಕಷ್ಟು ಸಿಗಲಿಲ್ಲ. 2008ರಲ್ಲಿ ಜಾಲ ಕಟ್ಟುತ್ತಿದ್ದ ಕಂಪನಿ ಕೈಬಿಟ್ಟಿತು. ಮಿನಿಯಾಪೊಲಿಸ್‌ನಲ್ಲಿ ಮಾತ್ರ ನಗರಾಡಳಿತವೇ ದೊಡ್ಡ ಗಿರಾಕಿಯಾಗಿ ದುಡ್ಡು ಕೊಡಲು ಒಪ್ಪಂದ ಮಾಡಿಕೊಂಡಿತ್ತು. ವ್ಯತ್ಯಾಸ ಅಲ್ಲಿದೆ ಎನ್ನುವುದು ನನ್ನ ಅಭಿಪ್ರಾಯ.

ಹಾಗಾಗಿ ಬೇಕೋ ಬೇಡವೋ ಎನ್ನುವುದಕ್ಕಿಂತ ಒಂದಿಷ್ಟು ಸಣ್ಣ ಪ್ರಶ್ನೆ ಕೇಳೋಣ. ಡಬ್ಬಿಗೆ ಕರೆಂಟ್ ಎಲ್ಲಿಂದ? ಎಷ್ಟೋ ಕಡೆ ಬೀದಿದೀಪದ ಲೈನನ್ನೇ ಬೆಳಿಗ್ಗೆ ಆಫ್ ಮಾಡುತ್ತಾರೆ. ಆಗ ಬ್ಯಾಟರಿ ಇಲ್ಲದಿದ್ದರೆ ಡಬ್ಬಿಯೂ ಸಂಜೆವರೆಗೆ ಸತ್ತಂತೆ. ಮರ ಚಿಗುರಿದಾಗ ಎಲೆ ಸಿಗ್ನಲ್ ನುಂಗುತ್ತದೆ. ಜಾಗ ನೋಡಿದವರು ಯಾವ ಕಾಲದಲ್ಲಿ ನೋಡಿದರು? ಕ್ಯಾಮೆರಾ ಕೂಡ ಹಾಕಿದರೆ ಚಿತ್ರ ಯಾರ ಕೈಯಲ್ಲಿ, ಎಷ್ಟು ದಿನ ಇರುತ್ತದೆ? ಐದನೇ ವರ್ಷ ರಿಪೇರಿಗೆ ಹೋಗುವವರು ಯಾರು?

ಟೆಂಡರ್ ಪ್ರತಿ ಸಿಕ್ಕರೆ ಮೊದಲು ನಿರ್ವಹಣೆಯ ಪುಟ ತೆರೆಯಿರಿ. ಅಲ್ಲಿ ಹಣ ತೋರಿಸಿಲ್ಲದಿದ್ದರೆ, ನಮಗೆ ಬರೆದ ಪತ್ರವನ್ನೇ ನಗರಾಡಳಿತಕ್ಕೂ ಕಳಿಸಿ.

– ಸಂಪಾದಕ